ಕಡುಗೆಂಪಿಗೆ ಹಳದಿ ಅಂಚು

ಕಂಡಕ್ಟರಮ್ಮನ ಬಾಯಲ್ಲಿ ‘ಬಹುಶಃ’ ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಬಸ್ಸು ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಯಾರಾದರೂ ಕೇಳಿದರೆ, ಗಡಿಯಾರವೇ ತಮ್ಮ ಕೈಕೆಳಗೆ ಕೆಲಸಕ್ಕಿದೆ ಎಂಬಂತೆ ಉತ್ತರ ಕೊಡುತ್ತಿದ್ದರು. ಆ ಹೊತ್ತಿಗೆ ತಲುಪದಿದ್ದರೆ ಅದು ರಸ್ತೆಯ ತಪ್ಪು, ಸಿಗ್ನಲ್ಲಿನ ತಪ್ಪು, ಎದುರಿಗೆ ಬಂದ ಲಾರಿಯ ತಪ್ಪು. ಅವರ ಮಾತಿನ ತಪ್ಪಂತೂ ಅಲ್ಲ.

ಅವರ ಯಜಮಾನರು ಇದಕ್ಕೆ ತದ್ವಿರುದ್ಧ. ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವುದು ಅವರ ಕೆಲಸ. ಜೀವಮಾನವಿಡೀ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಹುಡುಕಿ, ಕಣ್ಣೆದುರಿನ ಗೋಡೆಯೂ ಗೋಡೆಯೇ ಹೌದೋ ಅಲ್ಲವೋ ಎಂದು ಅನುಮಾನಿಸುವ ಮಟ್ಟಕ್ಕೆ ಬಂದಿದ್ದರು. ಮಳೆ ಬರುತ್ತಾ ಎಂದು ಕೇಳಿದರೆ, ಮಳೆಯಲ್ಲಿ ನೆನೆಯುತ್ತಾ ನಿಂತಿದ್ದರೂ, “ಬರಬಹುದು, ನೋಡಬೇಕು” ಎನ್ನುವ ಜಾಯಮಾನ. ಇಂಥ ಇಬ್ಬರು ಒಂದೇ ಸೂರಿನಡಿ ಹೇಗೆ ಬಾಳುತ್ತಾರೆ ಎಂದು ಬೀದಿಯವರಿಗೆ ಬೆರಗು. ಗಂಡ ಹೆಂಡತಿಗೆ ಮಾತ್ರ ಅದು ಯೋಚಿಸುವ ವಿಷಯವೇ ಆಗಿರಲಿಲ್ಲ. ಒಬ್ಬರು ತೀರ್ಮಾನ ಮಾಡುತ್ತಿದ್ದರು, ಇನ್ನೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ದಿನ ಸರಾಗವಾಗಿ ಉರುಳುತ್ತಿತ್ತು.

ಹೂವಿನ ಹುಚ್ಚು ಕಂಡಕ್ಟರಮ್ಮನಿಗೆ ಹುಟ್ಟಿನಿಂದ ಬಂದದ್ದೇನಲ್ಲ. ಒಂದು ಮಧ್ಯಾಹ್ನ ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದ ಮೇಲೆ ನೋಡಿದರೆ ಹಿಂದಿನ ಸೀಟಿನ ಕೆಳಗೆ ಒಂದು ಬಟ್ಟೆಯ ಚೀಲ. ಒಳಗೆ ಒದ್ದೆ ಪೇಪರಿನಲ್ಲಿ ಸುತ್ತಿದ ಬೇರುಗಳು: ಬೆರಳು ಗಾತ್ರದ ಗೆಡ್ಡೆಗಳ ಗೊಂಚಲು, ಅದರ ಮೇಲೆ ಕತ್ತರಿಸಿದ ಎಲೆಗಳ ಮೋಟು. ಡಿಪೋಗೆ ಒಪ್ಪಿಸಿದರು. ಕೇಳಿಕೊಂಡು ಯಾರೂ ಬರಲಿಲ್ಲ. ಕೊನೆಗೆ ಸ್ಟೋರಿನವನು ಅಡ್ಡಗಟ್ಟಿದ.

“ಕಂಡಕ್ಟ್ರೇ, ಛತ್ರಿ, ಟಿಫನ್ ಡಬ್ಬಿ ಇಟ್ಕೊಳ್ಳೋ ಜಾಗ ಇದು. ನಿಮ್ಮ ಚೀಲ ಚಿಗುರ್ತಾ ಇದೆ. ದಯವಿಟ್ಟು ತೊಗೊಂಡು ಹೋಗಿ.”

ಮನೆಯಲ್ಲಿ ಯಜಮಾನರು ಚೀಲದೊಳಗೆ ಇಣುಕಿ, “ಇದೇನು, ಬೇಯಿಸೋದಾ?” ಎಂದರು.

“ನೆಡೋದು” ಎಂದರು ಕಂಡಕ್ಟರಮ್ಮ. ಅದೇನೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಹೇಳಿದ ಧಾಟಿ ಹಾಗಿತ್ತು.

ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟರು. ಹುಲ್ಲಿನಂಥ ಉದ್ದ ಎಲೆಗಳು ಬುಗ್ಗೆಯಂತೆ ಎದ್ದು ಸುತ್ತಲೂ ಬಾಗಿದವು. ಮುಂದಿನ ವರ್ಷ ನಡುವಿನಿಂದ ಒಂದು ದಂಟು ಎದ್ದು, ಒಂದು ಬೆಳಿಗ್ಗೆ ಕಿತ್ತಳೆ ಬಣ್ಣದ ಹೂ ಅರಳಿತು. ಅಂಗೈಯಗಲದ ಹೂವು. ಕಂಡಕ್ಟರಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಹೂವು ಒದ್ದೆ ಬಟ್ಟೆಯ ಹಾಗೆ ಮುದ್ದೆಯಾಗಿ ನೇತಾಡುತ್ತಿತ್ತು. ಅಂಗಡಿಯವನು ಕೊಳೆತ ಮಾಲು ಕಟ್ಟಿಕೊಟ್ಟರೆ ಬರುವಂಥ ಸಿಟ್ಟು ಬಂತು ಅವರಿಗೆ. ಕಿತ್ತೆಸೆಯಲು ಬಗ್ಗಿದವರು ಹಾಗೇ ನಿಂತರು. ಅದೇ ದಂಟಿನಲ್ಲಿ, ಬಾಡಿದ ಹೂವಿನ ಪಕ್ಕಕ್ಕೇ, ಇನ್ನೊಂದು ಅರಳಿತ್ತು. ಅದರ ಹಿಂದೆ ನಾಳೆಯದು, ನಾಡಿದ್ದಿನದು, ಆಚೆ ನಾಡಿದ್ದಿನದು, ಸಣ್ಣದು ದೊಡ್ಡದು ಮೊಗ್ಗುಗಳು ಸರದಿಗೆ ಕಾಯುತ್ತಿದ್ದವು.

ಅವರ ಬಸ್ಸಿನ ಕೊನೆಯ ಸ್ಟಾಪಿನ ಎದುರಿಗೆ ಒಂದು ನರ್ಸರಿ ಇತ್ತು. ಅದನ್ನು ನಡೆಸುತ್ತಿದ್ದ ಹೆಂಗಸು ಬಾಡಿದ ಹೂವನ್ನು ನೋಡಿದ ಕೂಡಲೇ ನಕ್ಕುಬಿಟ್ಟರು.

“ಇದಕ್ಕೆ ಡೇಲಿಲಿ ಅಂತಾರೆ. ಹೂವಿಗೆ ಒಂದೇ ದಿನ ಆಯುಸ್ಸು. ಗಿಡಕ್ಕೆ ಮಾತ್ರ ಗಟ್ಟಿ ಜೀವ. ಕಿತ್ತೆಸೆದ್ರೆ ಬಿದ್ದ ಜಾಗದಲ್ಲೇ ಬದುಕ್ಕೊಳ್ಳುತ್ತೆ.”

“ಹಂಗಾದ್ರೆ ನಮ್ಮ ಪೈಕೀನೇ ಬಿಡಿ” ಎಂದು ಕಂಡಕ್ಟರಮ್ಮ ಆ ಹೊತ್ತಿಗೇ ಇನ್ನೆರಡು ಬಣ್ಣದ ಗೆಡ್ಡೆ ತೆಗೆದುಕೊಂಡರು.

ಅಲ್ಲಿಂದ ಮುಂದಕ್ಕೆ ಹಿಡಿದವರಿಲ್ಲ. ನಿಂಬೆ ಹಳದಿ ಬಂತು, ಇಟ್ಟಿಗೆಗೆಂಪು ಬಂತು, ಗುಲಾಬಿ ಬಣ್ಣಕ್ಕೆ ಹಳದಿ ಅಂಚಿದ್ದ ಒಂದು ಸೊಗಸುಗಾತಿ ಬಂದಳು. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ ಹೊಸ ಬಣ್ಣ ಹುಟ್ಟಿಸುವ ವಿದ್ಯೆಯನ್ನೂ ನರ್ಸರಿಯವರೇ ಕಲಿಸಿಕೊಟ್ಟರು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಂದು ಹೂವಿನ ಕೇಸರವನ್ನು ಚಿಮಟದಲ್ಲಿ ಕಿತ್ತು, ಅದರ ಪುಡಿಯನ್ನು ಇನ್ನೊಂದು ಹೂವಿನ ನಡುವಿನಿಂದ ಉದ್ದಕ್ಕೆ ಚಾಚಿದ ಕಡ್ಡಿಯ ತುದಿಗೆ ಸವರಬೇಕು. ಅಷ್ಟೇ. ಕಾಯಿ ಕಟ್ಟಿದರೆ ಕಟ್ಟಿತು, ಉದುರಿದರೆ ಉದುರಿತು. ಕಾಯಿ ಒಣಗಿ ಬಿರಿದಾಗ ಒಳಗೆ ಮಿರಿಮಿರಿ ಕಪ್ಪು ಬೀಜ. ಬಿತ್ತಿದ ಮೇಲೆ ಹೂ ನೋಡಲು ಎರಡು ವರ್ಷ, ಕೆಲವು ಸಲ ಮೂರು. ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಕಂಡಕ್ಟರಮ್ಮ ಇದರಲ್ಲಿ ಪಳಗಿಬಿಟ್ಟಿದ್ದರು. ಮನಸ್ಸಿನಲ್ಲಿ ಒಂದು ಹೂವೂ ಕೂತಿತ್ತು: ಕಪ್ಪಿಗೆ ಹತ್ತಿರದ ಕಡುಗೆಂಪು, ಸುತ್ತ ಹಳದಿ ಅಂಚು.

“ಆಗಲ್ಲ ಅಂತಲ್ಲ” ಎಂದಿದ್ದರು ನರ್ಸರಿಯವರು. “ನಾನಂತೂ ಮಾಡೋಕೆ ಹೋಗಿ ಕೈ ಬಿಟ್ಟೆ.”

“ನಾನು ಬಿಡಲ್ಲ. ನನ್ನ ಮನೆಗೇ ಬಂದು ನೋಡೋರಂತೆ.”

ಪಕ್ಕದ ಮನೆಯವರು ಡ್ರೈವರಣ್ಣ. ಕಂಡಕ್ಟರಮ್ಮನ ಬಸ್ಸನ್ನು ಎಷ್ಟೋ ವರ್ಷ ಓಡಿಸಿದವರು ಅವರೇ. ಕಂಡಕ್ಟರಮ್ಮ ‘ರೈಟ್’ ಅಂದರೆ ಇವರು ಹೊರಡುತ್ತಿದ್ದರು, ‘ಹೋಲ್ಡಾನ್’ ಅಂದರೆ ನಿಲ್ಲಿಸುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದೆ ದಿನವಿಡೀ ಮಾತಾಡಿಕೊಂಡ ಜೋಡಿ ಅದು. ನಿವೃತ್ತರಾದ ಮೇಲೆ ಡ್ರೈವರಣ್ಣ ಒಂದು ಹಳೆಯ ಕಾರು ಕೊಂಡರು. ಕಾರಿಗೆ ಶೆಡ್ಡು ಬೇಕಾಯಿತು, ಶೆಡ್ಡಿಗೆ ಗೋಡೆ ಎತ್ತರವಾಯಿತು, ಆ ಗೋಡೆಯ ನೆರಳು ಕಂಡಕ್ಟರಮ್ಮನ ಹಿತ್ತಿಲ ಮೇಲೆ ಮಲಗಿತು.

“ಡ್ರೈವರಣ್ಣ, ನನ್ನ ಗಿಡಕ್ಕೆ ಬಿಸಿಲು ಬೇಡವಾ?”

“ಕಾರಿಗೆ ನೆರಳು ಬೇಡವಾ, ಕಂಡಕ್ಟ್ರೇ?”

“ಆ ಡಬ್ಬಾಗೆ ನೆರಳು ಬೇರೆ ಕೇಡು!”

ಕಾರನ್ನು ಡಬ್ಬಾ ಎಂದದ್ದು ಡ್ರೈವರಣ್ಣನಿಗೆ ನಾಟಿತು. ಅವರೂ ಏನೋ ಅಂದರು. ಮಾತಿಗೆ ಮಾತು ಬೆಳೆದು, ಅಲ್ಲಿಗೆ ಮಾತೇ ನಿಂತುಹೋಯಿತು. ಕಂಡಕ್ಟರಮ್ಮ ಅಳುತ್ತಾ ಕೂರುವವರಲ್ಲ. ಗುದ್ದಲಿ ತೆಗೆದುಕೊಂಡು ಹಿತ್ತಿಲಿನ ಗಿಡಗಳನ್ನೆಲ್ಲ ಬುಡಸಮೇತ ಅಗೆದು, ಎಲೆ ಮೋಟು ಮಾಡಿ, ಮುಂದಿನ ಅಂಗಳಕ್ಕೆ ತಂದು ನೆಟ್ಟರು. ಗೇಟಿನಿಂದ ಮೆಟ್ಟಿಲಿನವರೆಗೆ ಎರಡೂ ಬದಿ ಡೇಲಿಲಿ. ಒಂದು ಗಿಡವೂ ಸಾಯಲಿಲ್ಲ. ಒಂದು ವರ್ಷಕ್ಕೂ ಮೇಲೆ ಎರಡು ಮನೆಯವರು ಗೇಟಿನಲ್ಲಿ ಎದುರಾದರೆ, ಇಬ್ಬರೂ ಆಕಾಶ ನೋಡಿಕೊಂಡು ಓಡಾಡಿದರು.

ಆ ಸಾಲಿನಲ್ಲಿ ಬೀಜದಿಂದ ಬೆಳೆದ ಒಂದು ಗಿಡ ಮೊದಲ ಸಲ ದಂಟು ಎತ್ತಿತು. ಎಳೆಯ ಗಿಡ, ಮೂರೇ ಮೊಗ್ಗು. ಆದರೆ ಮೊಗ್ಗಿನ ಮೈಬಣ್ಣವೇ ಬೇರೆ, ಹಸಿರಿನೊಳಗಿನಿಂದ ಕಪ್ಪು ಇಣುಕುತ್ತಿತ್ತು. ಕಂಡಕ್ಟರಮ್ಮ ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದರು. ಹಾಗೆ ನೋಡಲು ಹೋದಾಗಲೇ, ನೀರಿನ ಪೈಪು ಕಾಲಿಗೆ ತೊಡರಿ ಬಿದ್ದರು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಹರಿದ ಹೆಂಗಸು ಸ್ವಂತ ಅಂಗಳದಲ್ಲಿ ಸೊಂಟದ ಮೂಳೆ ಮುರಿದುಕೊಂಡರು.

ಆಪರೇಷನ್ ಆಯಿತು, ರಾಡು ಹಾಕಿದರು. ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳು ಬಂದು ಜೊತೆಗೆ ಕೂತಳು. ಕಣ್ಣು ಬಿಟ್ಟವರೇ ಕಂಡಕ್ಟರಮ್ಮ ಕೇಳಿದ್ದು, “ಮೊಗ್ಗು ಎಷ್ಟು ದಪ್ಪ ಆಗಿದೆ?”

“ಅಮ್ಮಾ, ಮೊದಲು ನಿನ್ನ ಕಾಲು ಅಲ್ಲಾಡುತ್ತಾ ನೋಡು.”

“ಕಾಲು ಎಲ್ಲಿಗೂ ಹೋಗಲ್ಲ. ಹೂವು ಒಂದೇ ದಿನ ಇರೋದು.”

ಯಜಮಾನರಿಗೆ ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿಟ್ಟರು. ಹೂ ಅರಳಿದ ದಿನ ಗೇಟಿನ ಬಳಿಯ ಗುಲಾಬಿ ಬಣ್ಣದ ಹೂವಿನ ಪರಾಗವನ್ನು ಇದಕ್ಕೆ ಮುಟ್ಟಿಸಬೇಕು. ಆ ಹಳದಿ ಅಂಚು ಈ ಕಡುಗೆಂಪಿಗೆ ಇಳಿಯಬೇಕು. ಇದೆಲ್ಲ ಮೊದಲ ಹೂವಿಗೆ ಮಾತ್ರ, ಉಳಿದೆರಡಕ್ಕೆ ಏನೂ ಮಾಡಬಾರದು. ಯಜಮಾನರು ತಲೆಯಾಡಿಸಿ, ಚಿಮಟ ಎಲ್ಲಿದೆ ಎಂದು ಮೂರು ಸಲ ಕೇಳಿ ಮನೆಗೆ ಹೋದರು.

ಒಂದು ಬೆಳಿಗ್ಗೆ ವಾರ್ಡಿನಲ್ಲಿ ಫೋನು ಹೊಡೆದುಕೊಂಡಿತು. ಗಂಡ ಹೆಂಡತಿ ಇಬ್ಬರದೂ ಬಟನ್ ಫೋನು, ಚಿತ್ರಗಿತ್ರ ಬರುವಂಥದ್ದಲ್ಲ.

“ಏನೇ, ಅರಳಿದೆ.”

“ಪೂರ್ತಿನಾ?”

“ಪೂರ್ತಿ ಅಂದ್ರೆ… ಎಸಳು ಹಿಂದಕ್ಕೆ ಬಾಗಿದೆ. ಪೂರ್ತಿ ಅನ್ನಬಹುದು.”

“ಬಣ್ಣ ಹೇಳ್ರೀ!”

“ಕೆಂಪು.”

“ಬಸ್ಸೂ ಕೆಂಪು, ಇಟ್ಟಿಗೆನೂ ಕೆಂಪು. ಯಾವ ಕೆಂಪು?”

ಯಜಮಾನರು ಕನ್ನಡಕ ಬದಲಾಯಿಸುವ ಸದ್ದು ಕೇಳಿಸಿತು. ಕರಡು ಓದುವ ಕನ್ನಡಕ ಹಾಕಿಕೊಂಡು ಅವರು ಹೂವಿನ ಮುಂದೆ ಮಂಡಿಯೂರಿರಬೇಕು. ಮಾತು ಹತ್ತಿರದಿಂದ, ನಿಧಾನವಾಗಿ ಬಂತು.

“ನಮ್ಮ ಪ್ರೆಸ್ಸಲ್ಲಿ ನಿಘಂಟಿಗೆ ಒಂದು ಬಟ್ಟೆ ರಟ್ಟು ಹಾಕ್ತಿದ್ರಲ್ಲ, ಆ ಕೆಂಪು. ಬಿಸಿಲು ಬಿದ್ದ ಕಡೆ ಕೆಂಪು, ಮಡಿಕೆ ಒಳಗೆ ಕಪ್ಪು. ಒಳಗೆ ಹೂವಿನ ಗಂಟಲ ಹತ್ರ ಹಸಿರು, ಅದರ ಮೇಲೆ ಒಂಚೂರು ಹಳದಿ. ಎಸಳ ಮೇಲೆ ಬೆಳಕು ನಿಲ್ಲಲ್ಲ ಕಣೇ, ಒಳಗೆ ಇಳಿದು ಹೋಗುತ್ತೆ. ಅಂಚಲ್ಲಿ… ತಾಳು… ಅಂಚಲ್ಲಿ ಒಂದು ಗೆರೆ ಇದೆ. ಹಳದಿ ಅಲ್ಲ, ಬಿಳಿ. ದಾರಕ್ಕಿಂತ ಸಣ್ಣ.”

ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ಈ ಮನುಷ್ಯ ಕಾಗದದ ಮೇಲಿಲ್ಲದ ಒಂದು ವಸ್ತುವಿನ ಬಗ್ಗೆ ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅವರ ನೆನಪಿನಲ್ಲಿರಲಿಲ್ಲ.

“ಬಿಳಿ ಅನ್ನೋದು ಖಂಡಿತಾನಾ?”

“ಖಂಡಿತ” ಎಂದರು ಯಜಮಾನರು.

ಆಮೇಲೆ ಚಿಮಟದ ಕೆಲಸ ಶುರುವಾಯಿತು. ಒಂದೆರಡು ನಿಮಿಷಕ್ಕೆ ಅತ್ತಲಿಂದ ನಿಟ್ಟುಸಿರು. “ಕೈ ನಡುಗ್ತಾ ಇದೆ. ಕೇಸರ ಜಾರಿ ಹೋಯ್ತು. ಎಲ್ಲಿ ಬಿತ್ತೋ.” ಇನ್ನೊಂದು ಕಿತ್ತರು, ಅದೂ ಬಿತ್ತು. ಆಗ ದೂರದಿಂದ ಒಂದು ಗಂಡಸಿನ ದನಿ ಕೇಳಿಸಿತು: “ಭಾವ, ಏನು ಹುಡುಕ್ತಾ ಇದ್ದೀರಿ ಮಣ್ಣಲ್ಲಿ?”

“ಯಾರ್ರೀ ಅದು?” ಎಂದರು ಕಂಡಕ್ಟರಮ್ಮ.

“ಡ್ರೈವರ್ರು. ಗೇಟಲ್ಲಿ ನಿಂತಿದ್ದಾರೆ.”

ಮಗಳು ತಾಯಿಯ ಮುಖ ನೋಡಿದಳು. ಕಂಡಕ್ಟರಮ್ಮ ಛಾವಣಿ ನೋಡಿದರು. ಗೋಡೆ, ಶೆಡ್ಡು, ಡಬ್ಬಾ ಎಲ್ಲವೂ ಒಂದು ಕ್ಷಣ ತಲೆಯಲ್ಲಿ ಸುತ್ತಿ ಹೋಗಿರಬೇಕು.

“ಫೋನು ಅವರಿಗೆ ಕೊಡಿ” ಎಂದರು. ಕೊಟ್ಟ ಮೇಲೆ, “ಡ್ರೈವರಣ್ಣ.”

“ಹೇಳಿ ಕಂಡಕ್ಟ್ರೇ.” ದನಿಯಲ್ಲಿ ಸ್ವಲ್ಪ ಬಿಗಿ ಇತ್ತು.

“ನಿಮ್ಮ ಕೈ ಈಗಲೂ ಸ್ಥಿರವಾಗಿದೆಯಾ?”

“ಬೇಕಾದ್ರೆ ಸೂಜಿಗೆ ದಾರ ಪೋಣಿಸಿ ತೋರಿಸ್ಲಾ?”

“ಅಷ್ಟು ಬೇಡ. ಫೋನು ಲೌಡಲ್ಲಿ ಹಾಕಿ ನಮ್ಮ ಯಜಮಾನರ ಕೈಗೆ ಕೊಡಿ. ಚಿಮಟ ನೀವು ತೊಗೊಳ್ಳಿ.”

ಗುಲಾಬಿ ಹೂವಿನ ಕೇಸರ ಚಿಮಟದ ಬಾಯಿಗೆ ಬಂತು. ಅಲ್ಲಿಂದ ಮುಂದಿನದ್ದು ಇಕ್ಕಟ್ಟಾದ ಗಲ್ಲಿಯಲ್ಲಿ ಬಸ್ಸನ್ನು ರಿವರ್ಸ್ ತೆಗೆಸಿದ ಹಾಗೇ ನಡೆಯಿತು.

“ನಡುವಲ್ಲಿ ಉದ್ದ ಕಡ್ಡಿ ಕಾಣುತ್ತಾ? ಅದರ ತುದಿಗೆ ಎಷ್ಟು ದೂರ ಇದ್ದೀರಿ?”

“ಒಂದು ಬೆರಳು.”

“ಬನ್ನಿ, ಬನ್ನಿ, ಬನ್ನಿ…”

“ಈಗ ಅಕ್ಕಿಕಾಳಷ್ಟು.”

“ಬನ್ನಿ… ಮುಟ್ತಾ?”

“ಮುಟ್ತು.”

“ಹೋಲ್ಡಾನ್!”

ವಾರ್ಡಿನಲ್ಲಿ ಮಲಗಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕಿ ಗಾಬರಿಯಿಂದ ಮಂಚದ ಸರಳು ಹಿಡಿದುಕೊಂಡರು. ಸಿಸ್ಟರ್ ಓಡಿ ಬಂದಳು. “ಅಮ್ಮಾ, ಏನಿದು! ಇಲ್ಲಿ ಪೇಷಂಟುಗಳಿದ್ದಾರೆ.”

“ಇರ್ಲಿ ಬಿಡಮ್ಮ, ಎಲ್ಲರಿಗೂ ಜಾಗ ಇದೆ” ಎಂದು ಕಂಡಕ್ಟರಮ್ಮ ಮತ್ತೆ ಫೋನಿಗೆ ಬಾಯಿ ಕೊಟ್ಟರು. “ಹಳದಿ ಪುಡಿ ಅಂಟ್ಕೊಂಡಿದೆಯಾ?”

“ಚೆನ್ನಾಗಿ ಅಂಟಿದೆ.”

“ರೈಟ್, ರೈಟ್!”

ಫೋನಿನಲ್ಲಿ ಡ್ರೈವರಣ್ಣ ಗಟ್ಟಿಯಾಗಿ ನಕ್ಕದ್ದು ಮಗಳಿಗೂ ಕೇಳಿಸಿತು.

ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ದಿನ ಡ್ರೈವರಣ್ಣನೇ ಕಾರು ತಂದು ನಿಲ್ಲಿಸಿದರು. ಕಂಡಕ್ಟರಮ್ಮ ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಕೂತು, ಡಬ್ಬಾದ ಬಗ್ಗೆ ಒಂದಕ್ಷರ ಆಡದೆ, ಸೀಟು ಮೆತ್ತಗಿದೆ ಎಂದರು. ಅಷ್ಟಕ್ಕೇ ಡ್ರೈವರಣ್ಣ ಕರಗಿಹೋದರು. “ಗೋಡೆ ಬೇಕಾದ್ರೆ ನಾಲ್ಕು ವರಸೆ ಇಟ್ಟಿಗೆ ಇಳಿಸಿಬಿಡ್ತೀನಿ ಕಂಡಕ್ಟ್ರೇ.”

“ದಮ್ಮಯ್ಯ, ಹಾಗೆ ಮಾಡ್ಬೇಡಿ. ಹಿತ್ತಿಲಿಗೆ ಬಿಸಿಲು ಬಂದ್ರೆ ನಾನು ಎಲ್ಲ ಕಿತ್ತು ಮತ್ತೆ ಹಿಂದಕ್ಕೆ ಹಾಕ್ಬೇಕು. ಸೊಂಟದಲ್ಲಿ ರಾಡಿದೆ.”

ಅಂಗಳಕ್ಕೆ ಇಳಿದು ವಾಕರ್ ಊರಿಕೊಂಡು ಮೊದಲು ಹೋದದ್ದು ಆ ಗಿಡದ ಹತ್ತಿರ. ಮೂರು ಹೂವೂ ಮುಗಿದಿದ್ದವು. ಒಂದನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಡ್ರೈವರಣ್ಣ ಪರಾಗ ಮುಟ್ಟಿಸಿದ ಹೂವಿನ ಕಾಯಿ ಹಳದಿಯಾಗಿ ಉದುರಿ ಬುಡದಲ್ಲಿ ಬಿದ್ದಿತ್ತು. ಕಂಡಕ್ಟರಮ್ಮ ಅದನ್ನು ವಾಕರಿನ ಕಾಲಿನಿಂದ ಆಚೆ ಸರಿಸಿದರು. “ಹೋಗ್ಲಿ. ಮುಂದಿನ ವರ್ಷ ಇದೆ.” ಆಮೇಲೆ ಬಗ್ಗಲಾರದೆ ಬಗ್ಗಿ ನೋಡಿದರು. ದಂಟಿನಲ್ಲಿ ಇನ್ನೊಂದು ಕಾಯಿ ಇತ್ತು. ಹಸಿರಾಗಿ, ಗಟ್ಟಿಯಾಗಿ.

“ಇದೇನ್ರೀ?”

ಯಜಮಾನರು ಕನ್ನಡಕ ಒರೆಸತೊಡಗಿದರು. “ಅದು ಎರಡನೇ ಹೂವಿಂದು.”

“ಎರಡನೇದಕ್ಕೆ ಏನೂ ಮಾಡ್ಬೇಡಿ ಅಂದಿದ್ನಲ್ಲ?”

“ಅಂದಿದ್ದೆ. ನಾನು ಮೆಟ್ಟಿಲ ಹತ್ರದ ನಿಂಬೆ ಹಳದಿದು ಒಂದು ಹೂ ಕಿತ್ತು ತಂದು, ಇದರ ಪಕ್ಕ ಹಿಡಿದು ನೋಡಿದೆ. ಎರಡೂ ಜೊತೆಗೆ ಚೆನ್ನಾಗಿ ಕಾಣ್ತು. ಮುಟ್ಟಿಸ್ದೆ.”

“ಚೆನ್ನಾಗಿ ಕಾಣ್ತು ಅಂತ ಮುಟ್ಟಿಸ್ತಾರಾ! ಆ ನಿಂಬೆ ಹಳದಿಗೆ ಅಂಚೇ ಇಲ್ವಲ್ರೀ! ಮತ್ತೆ ಕೈ ನಡುಗ್ತಿತ್ತಲ್ಲ?”

“ಎರಡೂ ಕೈಯಲ್ಲಿ ಹಿಡ್ಕೊಂಡೆ. ಒಂದು ಎಸಳು ಹರೀತು” ಎಂದು ಯಜಮಾನರು ಒಪ್ಪಿಕೊಂಡರು.

ಕಂಡಕ್ಟರಮ್ಮ ಆ ದಿನವೆಲ್ಲ ಬೈದರು. ಬೈಯುತ್ತಲೇ ಕಾಯಿ ಬೀಳದ ಹಾಗೆ ದಂಟಿಗೆ ಒಂದು ಕೋಲು ಕಟ್ಟಿಸಿದರು.

ಕಾಯಿ ಬಿರಿಯಿತು. ಬೀಜವನ್ನು ತಗಡಿನ ಡಬ್ಬಿಗಳಲ್ಲಿ ಬಿತ್ತಿದರು. ಸಸಿ ಎದ್ದವು. ಮುಂದಿನ ವರ್ಷ ತಾಯಿಗಿಡ ಮತ್ತೆ ದಂಟು ಎತ್ತಿದಾಗ ಕಂಡಕ್ಟರಮ್ಮ ಬೆಳಕು ಹರಿಯುವ ಮುಂಚೆಯೇ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತರು. ಹೂವು ತೆರೆದುಕೊಂಡಿತು. ನಿಘಂಟಿನ ರಟ್ಟಿನ ಕೆಂಪು, ಮಡಿಕೆಯಲ್ಲಿ ಕಪ್ಪು, ಅಂಚಿನಲ್ಲಿ ದಾರಕ್ಕಿಂತ ಸಣ್ಣ ಬಿಳಿ. ಬೆಳಕು ಎಸಳ ಮೇಲೆ ನಿಲ್ಲುತ್ತಿರಲಿಲ್ಲ. ಕಾಫಿ ತಂದ ಯಜಮಾನರ ಕಡೆ ತಿರುಗಿ, “ನೀವು ಹೇಳಿದ ಹಂಗೇ ಇದೆ” ಎಂದರು. ಅವರ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಶಹಬ್ಬಾಸಗಿರಿ ಇಲ್ಲ ಎಂಬುದು ಯಜಮಾನರಿಗೆ ಗೊತ್ತಿತ್ತು. ಕಾಫಿ ಲೋಟ ಕೊಡುವುದನ್ನೇ ಮರೆತು ನಿಂತರು.

ಯಜಮಾನರ ಬೀಜದ ಗಿಡಗಳು ಹೂ ಬಿಟ್ಟದ್ದು ಅದರ ಮುಂದಿನ ವರ್ಷ. ಬಹಳಷ್ಟು ಹೂವು ಸಪ್ಪೆ. ಕೆಸರು ಕದಡಿದಂಥ ಕೆಂಪು, ಒಗೆದೂ ಒಗೆದೂ ಬಣ್ಣ ಹೋದ ಬಟ್ಟೆಯಂಥ ಕಿತ್ತಳೆ. ಕಂಡಕ್ಟರಮ್ಮ ಮುಲಾಜಿಲ್ಲದೆ ಅವನ್ನು ಕೀಳಿಸಿ ಗೇಟಿನಾಚೆ ರಸ್ತೆಬದಿಗೆ ನೆಡಿಸಿದರು. ಕೊನೆಗೆ ಉಳಿದ ಒಂದು ಗಿಡ ತಡವಾಗಿ ಅರಳಿತು. ಎಸಳೆಲ್ಲ ತಾಯಿಯದೇ ಕಡುಗೆಂಪು. ಆದರೆ ಗಂಟಲಿನಿಂದ ನಿಂಬೆ ಹಳದಿ ಎದ್ದು, ಪ್ರತಿ ಎಸಳಿನ ನಡುವೆ ಅರ್ಧದವರೆಗೆ ಏರಿ ಬಂದಿತ್ತು. ಅಂಚಿನಲ್ಲಿ ಹಳದಿಯ ಸುಳಿವೂ ಇರಲಿಲ್ಲ.

ಕಂಡಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ, “ನಾನು ಮೊದಲಿಂದ ಹೇಳ್ತಾ ಇದ್ದಿದ್ದು ಇದನ್ನೇ” ಎಂದರು.

“ನೀನು ಹೇಳಿದ್ದು ಅಂಚು” ಎಂದರು ಯಜಮಾನರು.

“ಅಂಚೋ ಒಡಲೋ, ಹಳದಿ ಬಂತೋ ಇಲ್ವೋ?”

ಸುದ್ದಿ ಮುಟ್ಟಿದ ಮೇಲೆ ನರ್ಸರಿಯವರು ಬಸ್ಸು ಹಿಡಿದು ಬಂದರು. ಗಿಡದ ಸುತ್ತ ಎರಡು ಸುತ್ತು ಹಾಕಿ, “ಇಂಥದ್ದು ನನ್ನ ಹತ್ರ ಇಲ್ಲ. ಇದಕ್ಕೊಂದು ಹೆಸರಿಡಿ” ಎಂದರು. ಕಂಡಕ್ಟರಮ್ಮ ಯೋಚಿಸುತ್ತಿರುವಾಗಲೇ ಯಜಮಾನರು ಮೆಲ್ಲಗೆ, “ಅಚ್ಚಿನ ತಪ್ಪು ಅಂತ ಇಡೋಣ” ಎಂದುಬಿಟ್ಟರು. ಗೋಡೆಯಾಚೆ ಸ್ಟೂಲು ಹತ್ತಿ ನಿಂತಿದ್ದ ಡ್ರೈವರಣ್ಣ ಬಿದ್ದೂ ಬಿದ್ದೂ ನಕ್ಕರು, ನಿಜವಾಗಿಯೂ ಬೀಳುವುದರಲ್ಲಿದ್ದರು. ಅದೇ ಹೆಸರು ನಿಂತಿತು.

ಈಗ ಆ ಗಿಡ ಬೆಳೆದು ದೊಡ್ಡ ಪೊದೆಯಾಗಿದೆ. ಮೊದಲ ಸಲ ಬುಡ ಸೀಳಿದಾಗ ಒಂದು ಪಾಲು ನರ್ಸರಿಗೆ ಹೋಯಿತು, ಒಂದು ಪಾಲು ಮಗಳ ಬಾಲ್ಕನಿಗೆ. ಡ್ರೈವರಣ್ಣ ತಮಗೂ ಒಂದು ಪಾಲು ಕೇಳಿದ್ದಕ್ಕೆ ಕಂಡಕ್ಟರಮ್ಮ, “ನಿಮಗೆ ಬಿಸಿಲೆಲ್ಲಿದೆ? ಶೆಡ್ಡು ಕೀಳಿಸಿ, ಆಮೇಲೆ ನೋಡೋಣ” ಎಂದರು. ಡ್ರೈವರಣ್ಣ ಶೆಡ್ಡು ಕೀಳಿಸಲಿಲ್ಲ. ಶೆಡ್ಡಿನ ತಾರಸಿಯ ಮೇಲೆ ಕುಂಡ ಇಟ್ಟು, ಏಣಿ ಹತ್ತಿ ನೀರು ಹಾಕಲು ತಯಾರಾದರು. ಅಷ್ಟು ಛಲ ಕಂಡ ಮೇಲೆ ಕಂಡಕ್ಟರಮ್ಮ ಒಳ್ಳೆಯ ಪಾಲನ್ನೇ ಕೊಟ್ಟರು.

ಕಂಡಕ್ಟರಮ್ಮನ ಕುಂಟು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಬಾಡಿದ ಹೂ ಕೀಳುವುದು ಈಗ ಯಜಮಾನರ ಪಾಲಿನ ಕೆಲಸ. ಓದುವ ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಹೋಗುತ್ತಾರೆ. ಕಂಡಕ್ಟರಮ್ಮ ಮೆಟ್ಟಿಲಿನ ಮೇಲೆ ಕೂತು ಇವತ್ತು ಯಾವುದಕ್ಕೆ ಯಾವುದರ ಪರಾಗ ಎಂದು ಗೊತ್ತು ಮಾಡುತ್ತಾರೆ. ಯಜಮಾನರು ಬೇರೆ ಜೋಡಿ ಹೇಳುತ್ತಾರೆ, ಕಂಡಕ್ಟರಮ್ಮ ಅದು ಆಗದ ಮಾತು ಎನ್ನುತ್ತಾರೆ. ಹತ್ತು ನಿಮಿಷ ಜಗಳವಾಗಿ, ಎರಡನ್ನೂ ಮಾಡುತ್ತಾರೆ.